ಕಂತಿನ ಕಥೆಯೋ, ಪೂರ್ಣ ಗ್ರಂಥವೋ? ಸಣ್ಣ ಪ್ರಕಾಶಕನ ಬಂಡವಾಳದ ಪ್ರಶ್ನೆ

ಸರಕನ್ನು ಸಂಪೂರ್ಣವಾಗಿ ಸಿದ್ಧಪಡಿಸಿ ಒಮ್ಮೆಲೇ ಮಾರುಕಟ್ಟೆಗೆ ತರುವುದು ಲೇಸೋ, ಅಥವಾ ಆದಷ್ಟನ್ನು ಆಗಾಗ ಮಾರಿ, ಬಂದ ಹಣದಿಂದ ಉಳಿದುದನ್ನು ತಯಾರಿಸುವುದು ಲೇಸೋ ಎಂಬ ಪ್ರಶ್ನೆ ಸಣ್ಣ ಉದ್ಯಮಿಗಳಿಗೆ ಹೊಸದಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದಾಗ ಎರಡನೆಯ ಮಾರ್ಗವೇ ಸುಲಭವೆಂದು ತೋರುವುದು ಸಹಜ. ಆದರೆ ಸುಲಭವೆಂದು ತೋರಿದ ಮಾರ್ಗವೇ ಕಡೆಯಲ್ಲಿ ದುಬಾರಿಯಾಗಿ ಪರಿಣಮಿಸುವುದುಂಟು. ಈ ಮಾತನ್ನು ಅಂಕಿಗಳ ಮೂಲಕ ಸ್ಪಷ್ಟವಾಗಿ ತೋರಿಸಿಕೊಡುವ ಉದ್ಯಮವೊಂದಿದೆ. ಅದು ಅಮೆರಿಕದ ಚಿತ್ರಕಥಾ ಪ್ರಕಾಶನ, ಅಂದರೆ ಕಾಮಿಕ್ಸ್ ವ್ಯಾಪಾರ.

ಅಲ್ಲಿನ ಸಣ್ಣ ಪ್ರಕಾಶಕರ ಮುಂದೆ ಎರಡು ದಾರಿಗಳಿವೆ. ದೀರ್ಘವಾದ ಕಥೆಯೊಂದನ್ನು 24 ಅಥವಾ 32 ಪುಟಗಳ ಕಂತುಗಳನ್ನಾಗಿ ವಿಂಗಡಿಸಿ ತಿಂಗಳಿಗೊಂದರಂತೆ ಹೊರತರುವುದು ಒಂದು ದಾರಿ. ಇಡೀ ಕಥೆ ಮುಗಿಯುವವರೆಗೆ ಕಾದು, ಗ್ರಾಫಿಕ್ ಕಾದಂಬರಿ ಎಂಬ ಹೆಸರಿನಿಂದ ಒಂದೇ ಪುಸ್ತಕವಾಗಿ ಪ್ರಕಟಿಸುವುದು ಇನ್ನೊಂದು ದಾರಿ. ಕಳೆದ ಎರಡು-ಮೂರು ದಶಕಗಳಲ್ಲಿ ಅನೇಕ ಸಣ್ಣ ಪ್ರಕಾಶಕರು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಒಲಿದಿದ್ದಾರೆ. ಇದು ಸಾಹಿತ್ಯಾಭಿರುಚಿಯ ಪ್ರಶ್ನೆಯೆಂದು ಹಲವರು ಭಾವಿಸಿರಬಹುದು. ವಾಸ್ತವವಾಗಿ ಇದರ ಬೇರು ಇರುವುದು ದುಡಿಯುವ ಬಂಡವಾಳ, ದಾಸ್ತಾನು ಹಾಗೂ ಬಾಕಿ ವಸೂಲಿಯಲ್ಲಿ.

ಕಂತು ಪದ್ಧತಿ ಬೆಳೆದ ಬಗೆ

1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಚಿತ್ರಕಥಾ ಸಂಚಿಕೆಗಳು ಮುಖ್ಯವಾಗಿ ಪತ್ರಿಕೆಗಳ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಮಾರಾಟವಾಗದೆ ಉಳಿದ ಪ್ರತಿಗಳಿಗೆ ಪ್ರಕಾಶಕನೇ ಹಣ ಹಿಂದಿರುಗಿಸಬೇಕಾಗಿತ್ತು. ಆ ಕಾಲದಲ್ಲಿ ಫಿಲ್ ಸೂಲಿಂಗ್ ಎಂಬ ನ್ಯೂಯಾರ್ಕಿನ ವರ್ತಕರು ಪ್ರಕಾಶಕರೊಡನೆ ಹೊಸದೊಂದು ಏರ್ಪಾಡು ಮಾಡಿಕೊಂಡರು. ಅದರಂತೆ ಮಾರಾಟಗಾರನಿಗೆ ಹೆಚ್ಚಿನ ರಿಯಾಯಿತಿ ದೊರೆಯುತ್ತದೆ. ಅದಕ್ಕೆ ಪ್ರತಿಯಾಗಿ ಉಳಿದ ಸರಕನ್ನು ಹಿಂದಿರುಗಿಸುವ ಹಕ್ಕು ಅವನಿಗೆ ಇರುವುದಿಲ್ಲ. ಇದೇ ಮುಂದೆ 'ನೇರ ಮಾರುಕಟ್ಟೆ' ಎಂಬ ಹೆಸರು ಪಡೆಯಿತು.

ಸಣ್ಣ ಪ್ರಕಾಶಕನಿಗೆ ಈ ಏರ್ಪಾಡು ವರದಾನವಾಗಿ ಒದಗಿತೆಂಬುದು ನಿರ್ವಿವಾದ. ಅಂಗಡಿಗಳ ಬೇಡಿಕೆ ಮುದ್ರಣಕ್ಕೆ ಮೊದಲೇ ಕೈಸೇರುತ್ತಿತ್ತು. ಎಷ್ಟು ಪ್ರತಿ ಬೇಕೋ ಅಷ್ಟನ್ನೇ ಮುದ್ರಿಸಬಹುದಾಗಿತ್ತು. ಸರಕು ಹಿಂದಿರುಗಿ ಬರುವ ಭಯವಿರಲಿಲ್ಲ. ಡೇವ್ ಸಿಮ್ ಎಂಬ ಕೆನಡಾದ ಕಲಾವಿದರು 1977ರಲ್ಲಿ ಆರಂಭಿಸಿದ 'ಸೆರೆಬಸ್' ಎಂಬ ಧಾರಾವಾಹಿಯನ್ನು ಸ್ವಂತ ಪ್ರಕಾಶನದಿಂದಲೇ 300 ಸಂಚಿಕೆಗಳವರೆಗೆ ನಡೆಸಿ 2004ರಲ್ಲಿ ಮುಗಿಸಿದರು. ಜೆಫ್ ಸ್ಮಿತ್ ಅವರು 1991ರಲ್ಲಿ ಆರಂಭಿಸಿದ 'ಬೋನ್' ಸಹ ಇದೇ ಮಾರುಕಟ್ಟೆಯಲ್ಲಿ ಬೆಳೆಯಿತು. ಹೀಗಿದ್ದೂ ಇಂದಿನ ಸಣ್ಣ ಪ್ರಕಾಶಕ ಕಂತುಗಳಿಂದ ದೂರ ಸರಿಯುವುದೇಕೆ? ಉತ್ತರ ಲೆಕ್ಕದ ಪುಸ್ತಕದಲ್ಲಿದೆ.

ಕಂತುಗಳ ಲೆಕ್ಕ

ವಿಷಯದ ಸ್ಪಷ್ಟತೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. ಒಟ್ಟು 144 ಪುಟಗಳ ಕಥೆಯೊಂದನ್ನು ತಲಾ 24 ಪುಟಗಳ 6 ಕಂತುಗಳಲ್ಲಿ ಹೊರತರಲಾಗುತ್ತದೆ. ಮುಖಬೆಲೆ 4 ಡಾಲರ್. ವಿತರಕನ ಹಾಗೂ ಅಂಗಡಿಯವನ ಪಾಲು ಕಳೆದು ಪ್ರಕಾಶಕನಿಗೆ ಶೇ. 40, ಅಂದರೆ ಪ್ರತಿಯೊಂದಕ್ಕೆ 1.60 ಡಾಲರ್ ಬರುತ್ತದೆ. ಪ್ರತಿ ಕಂತಿನ ಮುದ್ರಣಪೂರ್ವ ವೆಚ್ಚ 900 ಡಾಲರ್; ಕಾಗದ ಮತ್ತು ಮುದ್ರಣಕ್ಕೆ ಪ್ರತಿಯೊಂದಕ್ಕೆ 50 ಸೆಂಟ್; ಕಲಾವಿದನಿಗೆ ಪುಟಕ್ಕೆ 50 ಡಾಲರಿನಂತೆ ಕಂತಿಗೆ 1,200 ಡಾಲರ್.

ಮೊದಲ ಕಂತಿಗೆ 3,000 ಪ್ರತಿಗಳ ಬೇಡಿಕೆ ಬಂದಿತೆಂದು ಭಾವಿಸಿದರೆ ಆದಾಯ 4,800 ಡಾಲರ್, ಖರ್ಚು 3,600 ಡಾಲರ್, ಉಳಿತಾಯ 1,200 ಡಾಲರ್. ಪ್ರಕಾಶಕ ಸಂತುಷ್ಟನಾಗುತ್ತಾನೆ. ಆದರೆ ಧಾರಾವಾಹಿಯ ಎರಡನೆಯ ಕಂತಿಗೆ ಮೊದಲನೆಯದಕ್ಕಿಂತ ಕಡಿಮೆ ಬೇಡಿಕೆ ಬರುವುದು ಈ ವ್ಯಾಪಾರದಲ್ಲಿ ಎಲ್ಲರೂ ಬಲ್ಲ ಸಂಗತಿ. ಮೊದಲ ಕಂತನ್ನು ಕುತೂಹಲದಿಂದ ಕೊಂಡವರೆಲ್ಲರೂ ಎರಡನೆಯದನ್ನು ಕೊಳ್ಳುವುದಿಲ್ಲ. ಮೊದಲನೆಯದನ್ನು ಓದದವನು ಮೂರನೆಯದನ್ನು ಕೊಳ್ಳುವ ಪ್ರಶ್ನೆಯೇ ಇಲ್ಲ. ಹೀಗೆ ಹೋಗುವ ಗಿರಾಕಿಗಳು ಇದ್ದಾರೆಯೇ ಹೊರತು ಬರುವವರು ವಿರಳ. ಅಂಗಡಿಯವನಿಗೂ ಇದು ಗೊತ್ತಿರುವುದರಿಂದ ಅವನು ಮೊದಲೇ ಬೇಡಿಕೆಯನ್ನು ತಗ್ಗಿಸಿಬಿಡುತ್ತಾನೆ.

ಆದುದರಿಂದ ಮುಂದಿನ ಕಂತುಗಳಿಗೆ ಅನುಕ್ರಮವಾಗಿ 2,100, 1,700, 1,500, 1,400 ಮತ್ತು 1,300 ಪ್ರತಿಗಳ ಬೇಡಿಕೆ ಬಂದಿತೆಂದು ಭಾವಿಸಬಹುದು. ಎರಡನೆಯ ಕಂತಿನಲ್ಲಿ ಉಳಿಯುವುದು ಕೇವಲ 210 ಡಾಲರ್. ಮೂರನೆಯದರಲ್ಲಿ 230, ನಾಲ್ಕನೆಯದರಲ್ಲಿ 450, ಐದನೆಯದರಲ್ಲಿ 560, ಆರನೆಯದರಲ್ಲಿ 670 ಡಾಲರ್ ನಷ್ಟ. ಒಟ್ಟು 11,000 ಪ್ರತಿಗಳನ್ನು ಮಾರಿ 17,600 ಡಾಲರ್ ಗಳಿಸಿದರೂ ಖರ್ಚು 18,100 ಡಾಲರ್ ಆಗಿ, ಕಡೆಗೆ 500 ಡಾಲರ್ ನಷ್ಟವೇ ಉಳಿಯುತ್ತದೆ. ಕಛೇರಿ ಬಾಡಿಗೆ, ಸಾಗಣೆ, ಜಾಹೀರಾತು ಮತ್ತು ಪ್ರಕಾಶಕನ ಸ್ವಂತ ಶ್ರಮ ಈ ಲೆಕ್ಕದಲ್ಲಿ ಸೇರಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೂರನೆಯ ಕಂತಿನಲ್ಲಿಯೇ ನಷ್ಟ ಕಂಡರೂ ಪ್ರಕಾಶಕ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮೊದಲೆರಡು ಕಂತುಗಳನ್ನು ಕೊಂಡವರಿಗೆ ಕೊಟ್ಟ ಮಾತು ತಪ್ಪಿದಂತಾಗುತ್ತದೆ. ಮುಂದೆ ಅವನ ಹೆಸರಿನಲ್ಲಿ ಬರುವ ಯಾವ ಧಾರಾವಾಹಿಯನ್ನೂ ಅಂಗಡಿಯವನು ನಂಬುವುದಿಲ್ಲ. ನಡೆಸಿದರೆ ಕಂತಿಗೊಮ್ಮೆ ಕೈಯಿಂದ ಹಣ ಕಟ್ಟಬೇಕು. ಹೊಣೆಗಾರಿಕೆ ಎಂಬುದು ಅಢಾವೆ ಪತ್ರಿಕೆಯಲ್ಲಿ ಕಾಣಿಸಿಕೊಳ್ಳದೆಯೂ ಇರಬಲ್ಲದು ಎಂಬುದಕ್ಕೆ ಇದು ಉತ್ತಮ ನಿದರ್ಶನ. ಮೊದಲ ಕಂತನ್ನು ಮಾರಿದ ದಿನವೇ ಉಳಿದ ಐದು ಕಂತುಗಳ ಸಾಲ ಅವನ ತಲೆಯ ಮೇಲೆ ಕುಳಿತಿರುತ್ತದೆ.

ಈ ಅಪಾಯ ಹೆಸರಾಂತರನ್ನೂ ಬಿಟ್ಟಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ಲೇಖಕ ಅಲನ್ ಮೂರ್ ಅವರು ತಮ್ಮ ಸ್ವಂತ ಪ್ರಕಾಶನದಿಂದ 1990ರಲ್ಲಿ 'ಬಿಗ್ ನಂಬರ್ಸ್' ಎಂಬ ಧಾರಾವಾಹಿಯನ್ನು ಆರಂಭಿಸಿದರು. 12 ಕಂತುಗಳ ಯೋಜನೆಯಲ್ಲಿ ಹೊರಬಂದದ್ದು 2 ಮಾತ್ರ. ಚಿತ್ರಕಾರರು ಹೊರನಡೆದ ಮೇಲೆ ಆ ಕೃತಿ ಮತ್ತೆ ಮುಂದುವರಿಯಲೇ ಇಲ್ಲ. ಅದೇ ಲೇಖಕರ 'ಫ್ರಮ್ ಹೆಲ್' 1989ರಿಂದ 1998ರವರೆಗೆ ಕಂತುಗಳಲ್ಲಿ ಬಂದಿತು. ಆ ಅವಧಿಯಲ್ಲಿ ಅದನ್ನು ಮೊದಲು ಪ್ರಕಟಿಸುತ್ತಿದ್ದ 'ಟಾಬೂ' ಎಂಬ ಸಂಕಲನ ನಿಂತಿತು. ಅನಂತರ ಕೈಗೆತ್ತಿಕೊಂಡ ಟುಂಡ್ರಾ ಸಂಸ್ಥೆ 1993ರಲ್ಲಿ ಕೊನೆಗೊಂಡಿತು. ಅದರಿಂದ ಪಡೆದುಕೊಂಡ ಕಿಚನ್ ಸಿಂಕ್ ಪ್ರೆಸ್ 1999ರಲ್ಲಿ ಬಾಗಿಲು ಮುಚ್ಚಿತು. ಅದೇ 1999ರಲ್ಲಿ ಒಂದೇ ಸಂಪುಟವಾಗಿ ಹೊರಬಂದ ಪುಸ್ತಕ ಮಾತ್ರ ಇಂದಿಗೂ ಮಾರಾಟದಲ್ಲಿದೆ.

ಪೂರ್ಣ ಪುಸ್ತಕದ ಲೆಕ್ಕ

ಈಗ ಅದೇ 144 ಪುಟಗಳನ್ನು ಒಂದೇ ಪುಸ್ತಕವಾಗಿ ತರುವ ಲೆಕ್ಕವನ್ನು ನೋಡಬಹುದು. ಬೆಲೆ 20 ಡಾಲರ್. ಪ್ರಕಾಶಕನ ಪಾಲು ಶೇ. 40ರಂತೆ 8 ಡಾಲರ್. ಮುದ್ರಣಪೂರ್ವ ವೆಚ್ಚ 2,500 ಡಾಲರ್. 3,000 ಪ್ರತಿಗಳ ಮುದ್ರಣಕ್ಕೆ ತಲಾ 2.50ರಂತೆ 7,500 ಡಾಲರ್. ಕಲಾವಿದನಿಗೆ ಮೊದಲಿನಂತೆಯೇ 7,200 ಡಾಲರ್. ಒಟ್ಟು ಹೂಡಿಕೆ 17,200 ಡಾಲರ್. ಈ ಹಣ ಹುಟ್ಟಬೇಕಾದರೆ 2,150 ಪ್ರತಿಗಳು ಮಾರಾಟವಾಗಬೇಕು.

ಮೊದಲ ವರ್ಷದಲ್ಲಿ 1,500 ಪ್ರತಿಗಳು ಮಾತ್ರ ಮಾರಾಟವಾದವೆಂದು ಭಾವಿಸಿದರೂ 12,000 ಡಾಲರ್ ಹಿಂದಿರುಗುತ್ತದೆ. 5,200 ಡಾಲರ್ ಬಾಕಿ ಉಳಿಯುತ್ತದೆ. ಮುಂದಿನ ಎರಡು ವರ್ಷಗಳಲ್ಲಿ 650 ಪ್ರತಿಗಳು ಹೋದರೆ ಹಾಕಿದ ಹಣ ಪೂರ್ತಿ ಬಂದಂತಾಯಿತು. ಉಗ್ರಾಣದಲ್ಲಿ ಉಳಿದ 850 ಪ್ರತಿಗಳು ನಿಧಾನವಾಗಿ 6,800 ಡಾಲರುಗಳನ್ನು ತರಬಲ್ಲವು. ಅವು ಮುಗಿದ ಮೇಲೆ ಮರುಮುದ್ರಣಕ್ಕೆ ಹೊಸದಾಗಿ ಪುಟಗಳನ್ನು ಬರೆಸಬೇಕಾಗಿಲ್ಲ. ಕಾಗದ, ಮುದ್ರಣ ಮತ್ತು ಲೇಖಕನ ಗೌರವಧನ ಮಾತ್ರ ಖರ್ಚು.

ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಕೇವಲ ಲಾಭನಷ್ಟದ್ದಲ್ಲ, ಕಾಲದ್ದು. ಕಂತಿನ ಆಯುಷ್ಯ ಸರಿಸುಮಾರು ಒಂದು ತಿಂಗಳು. ಮುಂದಿನ ಕಂತು ಬಂದೊಡನೆ ಹಿಂದಿನದು ಹಳಸುತ್ತದೆ. ಪುಸ್ತಕದ ಆಯುಷ್ಯ ವರ್ಷಗಟ್ಟಲೆ. ಅದು ಚಿತ್ರಕಥೆಗಳ ಅಂಗಡಿಯಲ್ಲಿ ಮಾತ್ರವಲ್ಲದೆ ಸಾಮಾನ್ಯ ಪುಸ್ತಕದಂಗಡಿಯಲ್ಲೂ ನಿಲ್ಲುತ್ತದೆ. ಗ್ರಂಥಾಲಯದ ಕಪಾಟಿಗೂ ಏರುತ್ತದೆ. ಅಮೆರಿಕದ ಗ್ರಂಥಾಲಯ ಸಂಘದ ಯುವ ಓದುಗರ ವಿಭಾಗವು 2007ರಿಂದ ಉತ್ತಮ ಗ್ರಾಫಿಕ್ ಕಾದಂಬರಿಗಳ ವಾರ್ಷಿಕ ಪಟ್ಟಿಯನ್ನು ಹೊರತರುತ್ತಿದೆ. ಹೊಲಿಗೆ ಪಿನ್ನಿನ 24 ಪುಟಗಳ ಸಂಚಿಕೆಗೆ ಗ್ರಂಥಾಲಯದಲ್ಲಿ ಸ್ಥಾನ ಸಿಗುವುದು ಕಷ್ಟ. ಬೆನ್ನಿರುವ ಪುಸ್ತಕಕ್ಕೆ ಆ ತೊಂದರೆಯಿಲ್ಲ.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ಕಂತುಗಳೆಲ್ಲ ಮುಗಿದ ಮೇಲೆ ಒಟ್ಟಾಗಿ ಪುಸ್ತಕ ಬರುತ್ತದೆಂಬುದು ಖಚಿತವಾದಾಗ ಓದುಗ ಕಂತನ್ನು ಕೊಳ್ಳದೆ ಪುಸ್ತಕಕ್ಕಾಗಿ ಕಾಯುತ್ತಾನೆ. ಅವನು ಕಾಯುವುದರಿಂದಲೇ ಕಂತುಗಳ ಮಾರಾಟ ಕುಸಿಯುತ್ತದೆ. ಕಂತು ಕುಸಿದರೆ ಪುಸ್ತಕದವರೆಗೆ ಕಥೆ ತಲುಪುವುದೇ ಇಲ್ಲ. ಹೀಗೆ ಪ್ರಕಾಶಕ ತನ್ನ ಸರಕಿಗೆ ತಾನೇ ಪ್ರತಿಸ್ಪರ್ಧಿಯಾಗುತ್ತಾನೆ. ದೊಡ್ಡ ಸಂಸ್ಥೆ ಇದನ್ನು ತಾಳಿಕೊಳ್ಳಬಲ್ಲದು. ಸಣ್ಣ ಸಂಸ್ಥೆಗೆ ಆ ಶಕ್ತಿ ಇಲ್ಲ.

ದಾಸ್ತಾನಿನ ನಿಜವಾದ ಮೌಲ್ಯ

ದಾಸ್ತಾನನ್ನು ಅದರ ಅಸಲು ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಬರಬಹುದಾದ ಹಣ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ಬೆಲೆ ಕಟ್ಟಬೇಕೆಂಬುದು ಲೆಕ್ಕಶಾಸ್ತ್ರದ ಮೂಲ ನಿಯಮ. ಭಾರತದ ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಸಹ ಇದನ್ನೇ ವಿಧಿಸುತ್ತದೆ. ಈ ನಿಯಮವನ್ನು ಅನ್ವಯಿಸಿದಾಗ ಕಂತುಗಳ ದೌರ್ಬಲ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಾರಾಟವಾಗದೆ ಉಳಿದ ನಾಲ್ಕನೆಯ ಕಂತಿನ 300 ಪ್ರತಿಗಳಿಗೆ ಬೆಲೆ ಎಷ್ಟು? ಒಂದು, ಎರಡು, ಮೂರನೆಯ ಕಂತುಗಳು ಜೊತೆಯಲ್ಲಿ ಇಲ್ಲದಿದ್ದರೆ ಅದು ರದ್ದಿ ಕಾಗದ ಮಾತ್ರ. ಜೋಡಿಯ ಒಂದು ಚಪ್ಪಲಿ ಕಳೆದರೆ ಉಳಿದದ್ದಕ್ಕೆ ಇರುವ ಬೆಲೆಯೇ ಅದಕ್ಕೂ. ಪೂರ್ಣ ಪುಸ್ತಕದ 300 ಪ್ರತಿಗಳಾದರೋ, ಪ್ರತಿಯೊಂದೂ ತನ್ನಷ್ಟಕ್ಕೆ ತಾನೇ ಮಾರಾಟಯೋಗ್ಯ ಸರಕು.

ಈ ವ್ಯತ್ಯಾಸ ಒಂದು ಸಂಸ್ಥೆಯನ್ನು ಉಳಿಸಿದ ಪ್ರಸಂಗವೂ ಉಂಟು. ಅಮೆರಿಕದ ಟಾಪ್ ಶೆಲ್ಫ್ ಎಂಬ ಸಣ್ಣ ಪ್ರಕಾಶನದ ಪುಸ್ತಕಗಳನ್ನು ಸಾಮಾನ್ಯ ಪುಸ್ತಕದಂಗಡಿಗಳಿಗೆ ಒದಗಿಸುತ್ತಿದ್ದ ಎಲ್‌ಪಿಸಿ ಎಂಬ ವಿತರಣಾ ಸಂಸ್ಥೆ 2002ರ ಏಪ್ರಿಲ್‌ನಲ್ಲಿ ನ್ಯಾಯಾಲಯದ ರಕ್ಷಣೆ ಕೋರಿತು. ಬರಬೇಕಾದ ಹಣ ನಿಂತುಹೋಯಿತು. ಟಾಪ್ ಶೆಲ್ಫ್‌ನ ಕ್ರಿಸ್ ಸ್ಟಾರೋಸ್ ಅವರು ಓದುಗರಿಗೆ ನೇರವಾಗಿ ಪತ್ರ ಬರೆದು, ಪ್ರತಿಯೊಬ್ಬರೂ ತಮ್ಮ ಪ್ರಕಾಶನದ ಒಂದಷ್ಟು ಪುಸ್ತಕಗಳನ್ನು ಕೊಳ್ಳಬೇಕೆಂದು ಮನವಿ ಮಾಡಿಕೊಂಡರು. ಬೇಡಿಕೆಗಳು ತ್ವರಿತವಾಗಿ ಬಂದು ಸಂಸ್ಥೆ ಉಳಿಯಿತು. ಮರುವರ್ಷ, ಅಂದರೆ 2003ರಲ್ಲಿ, ಅದೇ ಸಂಸ್ಥೆ ಕ್ರೇಗ್ ಥಾಂಪ್ಸನ್ ಅವರ ಸುಮಾರು 600 ಪುಟಗಳ 'ಬ್ಲ್ಯಾಂಕೆಟ್ಸ್' ಕೃತಿಯನ್ನು ಕಂತುಗಳ ಗೋಜಿಗೆ ಹೋಗದೆ ಒಂದೇ ಸಂಪುಟವಾಗಿ ಹೊರತಂದಿತು. ಅದು ಹಲವು ಪ್ರಶಸ್ತಿಗಳನ್ನು ಗಳಿಸಿ ಸಂಸ್ಥೆಯ ಹೆಸರನ್ನು ದೂರದವರೆಗೆ ಕೊಂಡೊಯ್ದಿತು.

ಓದುಗರ ಸದ್ಭಾವನೆ ದೊಡ್ಡದೇ. ಆದರೆ ಸದ್ಭಾವನೆಯನ್ನು ನಗದಾಗಿ ಪರಿವರ್ತಿಸಲು ಆ ಪ್ರಕಾಶಕರ ಕೈಯಲ್ಲಿ ಓದಿ ಮುಗಿಸಬಹುದಾದ ಪುಸ್ತಕಗಳಿದ್ದವು ಎಂಬುದನ್ನು ಮರೆಯಬಾರದು. ಉಗ್ರಾಣದಲ್ಲಿ ಬಿಡಿ ಕಂತುಗಳಷ್ಟೇ ಇದ್ದಿದ್ದರೆ ಅದೇ ಮನವಿಗೆ ಸಹಾನುಭೂತಿ ದೊರೆಯುತ್ತಿತ್ತು, ಅಷ್ಟೊಂದು ಬೇಡಿಕೆ ದೊರೆಯುತ್ತಿರಲಿಲ್ಲ.

ಏಕೈಕ ವಿತರಕನ ನೆರಳಿನಲ್ಲಿ

1990ರ ದಶಕದ ಕೊನೆಯ ವೇಳೆಗೆ ಅಮೆರಿಕದ ನೇರ ಮಾರುಕಟ್ಟೆಯ ವಿತರಣೆ ಬಹುತೇಕ ಒಂದೇ ಸಂಸ್ಥೆಯ ಕೈಗೆ ಬಂದಿತು. ಸ್ಟೀವ್ ಗೆಪ್ಪಿ ಅವರು 1982ರಲ್ಲಿ ಸ್ಥಾಪಿಸಿದ ಡೈಮಂಡ್ ಸಂಸ್ಥೆಯೇ ಅದು. 1996ರಲ್ಲಿ ಅದು ತನ್ನ ಪ್ರಮುಖ ಪ್ರತಿಸ್ಪರ್ಧಿ ಕ್ಯಾಪಿಟಲ್ ಸಿಟಿಯನ್ನು ಕೊಂಡುಕೊಂಡಿತು. ಕಂತು ಪ್ರಕಾಶಕನಿಗೆ ತಿಂಗಳು ತಿಂಗಳೂ ಈ ಒಂದೇ ಬಾಗಿಲನ್ನು ತಟ್ಟದೆ ಗತ್ಯಂತರವಿರಲಿಲ್ಲ.

2009ರಲ್ಲಿ ಈ ಸಂಸ್ಥೆಯು ಒಂದು ಸರಕನ್ನು ತನ್ನ ಮೂಲಕ ವಿತರಿಸಲು ಅಗತ್ಯವಾದ ಕನಿಷ್ಠ ಸಗಟು ಬೇಡಿಕೆಯನ್ನು 1,500 ಡಾಲರುಗಳಿಂದ 2,500 ಡಾಲರುಗಳಿಗೆ ಏರಿಸಿತು. ಮೇಲಿನ ಉದಾಹರಣೆಗೆ ಇದನ್ನು ಅನ್ವಯಿಸಿದರೆ ಪರಿಣಾಮ ಮನದಟ್ಟಾಗುತ್ತದೆ. ನಾಲ್ಕನೆಯ ಕಂತಿನ 1,500 ಪ್ರತಿಗಳ ಸಗಟು ಮೊತ್ತ 2,400 ಡಾಲರ್. ಅಂದರೆ ಮಿತಿಗಿಂತ ಕೆಳಗೆ. ಕಥೆ ಅರ್ಧದಲ್ಲಿರುವಾಗಲೇ ಬಾಗಿಲು ಮುಚ್ಚುವ ಭಯ. ಕಂತಿನ ಲೆಕ್ಕದಲ್ಲಿ ಮಿತಿ ತಲುಪಲು 1,563 ಪ್ರತಿಗಳು ಬೇಕು. 20 ಡಾಲರಿನ ಪುಸ್ತಕಕ್ಕಾದರೆ 313 ಪ್ರತಿಗಳು ಸಾಕು. ಕಂತುಗಳಿಗೆ ಈ ಪರೀಕ್ಷೆ ಆರು ಸಲ. ಪುಸ್ತಕಕ್ಕೆ ಆರಂಭದಲ್ಲಿ ಒಂದೇ ಸಲ.

2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣದಿಂದ ಡೈಮಂಡ್ ಹೊಸ ಸರಕಿನ ವಿತರಣೆಯನ್ನು ಕೆಲಕಾಲ ನಿಲ್ಲಿಸಿತು. ಅದೇ ವರ್ಷ ಡಿಸಿ, 2021ರಲ್ಲಿ ಮಾರ್ವೆಲ್ ಬೇರೆ ವಿತರಕರತ್ತ ಸರಿದವು. ದೊಡ್ಡ ಗಿರಾಕಿಗಳನ್ನು ಕಳೆದುಕೊಂಡ ಡೈಮಂಡ್ 2025ರ ಜನವರಿಯಲ್ಲಿ ನ್ಯಾಯಾಲಯದ ರಕ್ಷಣೆ ಕೋರಿತು. ಅದೇ ವರ್ಷದ ಮಧ್ಯಭಾಗದಲ್ಲಿ, ತನ್ನ ಉಗ್ರಾಣದಲ್ಲಿ ಕನ್‌ಸೈನ್‌ಮೆಂಟ್ ಆಧಾರದ ಮೇಲೆ ಇರಿಸಲಾಗಿದ್ದ ಪ್ರಕಾಶಕರ ಸರಕನ್ನೇ ಮಾರಿ ಸಾಲ ತೀರಿಸಲು ಅನುಮತಿ ಬೇಡಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿತು. ಕನ್‌ಸೈನ್‌ಮೆಂಟ್ ಸರಕು ಮಾರಾಟವಾಗುವವರೆಗೆ ಕಳುಹಿಸಿದವನದೇ ಎಂಬುದು ವ್ಯಾಪಾರದ ಸಾಮಾನ್ಯ ತಿಳಿವಳಿಕೆ. ಆದರೆ ಅಮೆರಿಕದ ಕಾನೂನಿನಂತೆ ಆ ಹಕ್ಕನ್ನು ಸಾರ್ವಜನಿಕ ದಫ್ತರಿನಲ್ಲಿ ದಾಖಲಿಸಿಕೊಳ್ಳದಿದ್ದಲ್ಲಿ, ಇತರ ಸಾಲದಾತರ ಹಕ್ಕು ಮುಂದಾಗುವ ಸಂಭವವುಂಟು.

ಈ ಘಟನೆ ಪೂರ್ಣ ಪುಸ್ತಕದ ಪ್ರಕಾಶಕರಿಗೂ ಎಚ್ಚರಿಕೆಯ ಗಂಟೆ. ಮುಗಿದ ಸರಕು ಬೆಲೆಯುಳ್ಳದ್ದು ನಿಜ. ಆದರೆ ಅದು ಯಾರ ಉಗ್ರಾಣದಲ್ಲಿದೆ, ಯಾವ ಕರಾರಿನ ಮೇಲೆ ಇದೆ ಎಂಬುದೂ ಅಷ್ಟೇ ಮುಖ್ಯ. ಭಾರತದ 2016ರ ದಿವಾಳಿ ಸಂಹಿತೆಯ 18ನೆಯ ಕಲಮು, ಸಾಲಗಾರ ಕಂಪನಿಯ ವಶದಲ್ಲಿದ್ದರೂ ಕರಾರಿನ ಮೇರೆಗೆ ಮೂರನೆಯವರಿಗೆ ಸೇರಿದ ಸ್ವತ್ತನ್ನು ಆ ಕಂಪನಿಯ ಸ್ವತ್ತಿನಿಂದ ಹೊರಗಿಡುತ್ತದೆ. ಆದರೆ ಕರಾರನ್ನು ಕಾಗದದ ಮೇಲೆ ತೋರಿಸಲು ಸಾಧ್ಯವಾದಾಗ ಮಾತ್ರ ಈ ರಕ್ಷಣೆಗೆ ಬಲ. ಡೀಲರುಗಳ ಬಳಿ ಸರಕು ಇರಿಸುವ ಪ್ರತಿಯೊಬ್ಬ ತಯಾರಕನೂ ಲಿಖಿತ ಕರಾರು ಮಾಡಿಕೊಂಡು, ತಿಂಗಳಿಗೊಮ್ಮೆ ದಾಸ್ತಾನಿನ ದೃಢೀಕರಣ ಪತ್ರವನ್ನು ಪಡೆಯುವುದು ಕ್ಷೇಮ.

ಇನ್ನೊಂದು ಮಗ್ಗುಲು

ಹೀಗೆಂದ ಮಾತ್ರಕ್ಕೆ ಪೂರ್ಣ ಪುಸ್ತಕ ನಿರಪಾಯವೆಂದಲ್ಲ. ಮೇಲಿನ ಉದಾಹರಣೆಯಲ್ಲಿ ಕಂತು ಪ್ರಕಾಶಕ 3,600 ಡಾಲರುಗಳಿಂದ ಕೆಲಸ ಆರಂಭಿಸಬಹುದು. ಪುಸ್ತಕ ಪ್ರಕಾಶಕ ಮೊದಲ ಡಾಲರ್ ಕಾಣುವ ಮುನ್ನವೇ 17,200 ಡಾಲರ್ ಹೂಡಬೇಕು. ಅಂದರೆ ಸುಮಾರು 5 ಪಟ್ಟು. ಅಷ್ಟು ಹಣ ಸಾಲದ್ದಾದರೆ ಬಡ್ಡಿಯೂ ಬೆಳೆಯುತ್ತದೆ. ಕಲಾವಿದ ಒಂದೆರಡು ವರ್ಷ ಗಳಿಕೆಯಿಲ್ಲದೆ ದುಡಿಯಬೇಕಾದರೆ ಅವನ ಸಂಸಾರದ ಗತಿ ಏನೆಂಬ ಪ್ರಶ್ನೆಯೂ ಇದೆ. ಅವನ ಶ್ರಮವನ್ನು ಪುಕ್ಕಟೆ ಬಂಡವಾಳವೆಂದು ಎಣಿಸುವ ಪ್ರಕಾಶಕನ ಲಾಭ ನಿಜವಾದ ಲಾಭವಲ್ಲ.

ಸಾಮಾನ್ಯ ಪುಸ್ತಕದಂಗಡಿಗಳು ಮಾರಾಟವಾಗದ ಪುಸ್ತಕಗಳನ್ನು ಹಿಂದಿರುಗಿಸುತ್ತವೆ. ಆದುದರಿಂದ ಕಳುಹಿಸಿದ್ದೆಲ್ಲವೂ ಮಾರಾಟವಾಯಿತೆಂದು ತಿಳಿದು ಮರುಮುದ್ರಣಕ್ಕೆ ಧಾವಿಸುವುದು ಅಪಾಯಕರ. ಸಿಯಾಟಲ್ ನಗರದ ಫ್ಯಾಂಟಾಗ್ರಾಫಿಕ್ಸ್ ಸಂಸ್ಥೆ 2003ರಲ್ಲಿ ಹಣದ ಮುಗ್ಗಟ್ಟಿಗೆ ಸಿಲುಕಿ ಓದುಗರ ನೆರವು ಕೋರಬೇಕಾಯಿತು. ವಿತರಕರ ದಿವಾಳಿಯ ಜೊತೆಗೆ, ಕೆಲವು ಪುಸ್ತಕಗಳನ್ನು ಬೇಡಿಕೆಗಿಂತ ಹೆಚ್ಚಾಗಿ ಮುದ್ರಿಸಿದ್ದೂ ಅದಕ್ಕೆ ಕಾರಣಗಳಲ್ಲೊಂದಾಗಿತ್ತು.

ಕಂತುಗಳಿಂದ ಸಿಗುವ ಪ್ರಚಾರವನ್ನೂ ಅಲ್ಲಗಳೆಯಲಾಗದು. 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆದ ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್' ಮೊದಲು 1980ರಿಂದ 'ರಾ' ಎಂಬ ಪತ್ರಿಕೆಯಲ್ಲಿ ಭಾಗಭಾಗವಾಗಿ ಬಂದಿತ್ತು. 'ಬೋನ್' ಕೂಡ ಕಂತುಗಳಲ್ಲಿ ಓದುಗರನ್ನು ಸಂಪಾದಿಸಿಕೊಂಡು, 2004ರಲ್ಲಿ 1,300ಕ್ಕೂ ಹೆಚ್ಚು ಪುಟಗಳ ಒಂದೇ ಸಂಪುಟವಾಗಿ ಬಂದು, 2005ರಿಂದ ಸ್ಕಾಲಸ್ಟಿಕ್ ಸಂಸ್ಥೆಯ ಮೂಲಕ ವರ್ಣಚಿತ್ರಗಳೊಂದಿಗೆ ಶಾಲಾ ಮಕ್ಕಳನ್ನು ತಲುಪಿತು. ಆದರೆ ಇವೆರಡರಲ್ಲೂ ಕಡೆಗೆ ನೆಲೆ ನಿಂತದ್ದು ಪುಸ್ತಕವೇ ಎಂಬುದು ಗಮನಾರ್ಹ.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಜಪಾನಿನಲ್ಲಿ ಶುಯೆಶಾ ಸಂಸ್ಥೆ 1968ರಲ್ಲಿ ಆರಂಭಿಸಿದ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಅನೇಕ ಧಾರಾವಾಹಿಗಳು ಒಟ್ಟಿಗೆ ಬರುತ್ತವೆ. ಕರ್ನಾಟಕದಲ್ಲಿಯೂ 'ಸುಧಾ', 'ತರಂಗ' ವಾರಪತ್ರಿಕೆಗಳಲ್ಲಿ ಬಂದ ಧಾರಾವಾಹಿಗಳು ಅನಂತರ ಪುಸ್ತಕಗಳಾದ ಉದಾಹರಣೆಗಳು ಹೇರಳ. ಅಲ್ಲೆಲ್ಲ ಕಂತಿನ ಖರ್ಚನ್ನು ಹೊರುವುದು ಪತ್ರಿಕೆ. ಓದುಗ ಆ ಒಂದು ಕಥೆಗಾಗಿ ಮಾತ್ರ ಹಣ ಕೊಡುವುದಿಲ್ಲ. ಜಾಹೀರಾತುದಾರನೂ ಪಾಲು ಹೊರುತ್ತಾನೆ. ಪುಸ್ತಕ ಪ್ರಕಾಶಕನಿಗೆ ಆಗಲೇ ಪರಿಚಿತವಾದ ಕೃತಿ ಕೈಗೆ ಬರುತ್ತದೆ. ಅಮೆರಿಕದ ಸಣ್ಣ ಪ್ರಕಾಶಕನ ಬಿಡಿ ಕಂತಿಗೆ ಇಂತಹ ಆಸರೆ ಇಲ್ಲ. ಫ್ರಾನ್ಸಿನಲ್ಲಿಯೂ ಧಾರಾವಾಹಿಗಳಿಗೆ ಹೆಸರಾಗಿದ್ದ 'ಪಿಲೋಟ್' ಪತ್ರಿಕೆ 1989ರಲ್ಲಿ ನಿಂತಿತು. ಮರುವರ್ಷ ಕಲಾವಿದರೇ ಸೇರಿ ಸ್ಥಾಪಿಸಿದ ಲಾಸೋಸಿಯಾಸಿಯೋಂ ಎಂಬ ಸಣ್ಣ ಪ್ರಕಾಶನ ಪುಸ್ತಕಗಳನ್ನೇ ತನ್ನ ಮುಖ್ಯ ಸರಕಾಗಿಸಿಕೊಂಡಿತು. ಮರ್ಜಾನೆ ಸತ್ರಾಪಿ ಅವರ ಜಗತ್ಪ್ರಸಿದ್ಧ 'ಪರ್ಸೆಪೊಲಿಸ್' 2000ದಿಂದ 2003ರ ನಡುವೆ 4 ಸಂಪುಟಗಳಾಗಿ ಅಲ್ಲಿಂದಲೇ ಹೊರಬಂದಿತು.

ಬೆಂಗಳೂರಿನ ಹಳೆಯ ಪಾಠ

ಪ್ರತಿ ಪುಸ್ತಕವೂ ತನ್ನಲ್ಲಿ ತಾನು ಪೂರ್ಣವಾಗಿರಬೇಕೆಂಬ ತತ್ತ್ವ ಭಾರತೀಯ ವ್ಯಾಪಾರಕ್ಕೆ ಅಪರಿಚಿತವಲ್ಲ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ವಿದೇಶಿ ಕಥೆಗಳ ಚಿತ್ರಪುಸ್ತಕಗಳು ಕನ್ನಡದಲ್ಲಿ ಹೊರಬಂದವು. ಅನಂತರ ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ 1967ರಿಂದ 'ಅಮರ ಚಿತ್ರಕಥೆ' ಬೆಳೆಯಿತು. ಅದರ ಪುಸ್ತಿಕೆಗಳು ನಿಯತವಾಗಿ ಬರುತ್ತಿದ್ದರೂ ಸಾಮಾನ್ಯವಾಗಿ ಒಂದೊಂದರಲ್ಲೂ ಒಂದು ಕಥೆ 32 ಪುಟಗಳೊಳಗೆ ಮುಗಿಯುತ್ತಿತ್ತು. ಹಿಂದಿನದನ್ನು ಓದದವನೂ ಇಂದಿನದನ್ನು ಕೊಳ್ಳಬಹುದಾಗಿತ್ತು. ಹತ್ತು ವರ್ಷ ಹಿಂದಿನ ಪುಸ್ತಿಕೆಯನ್ನು ಹೊಸದಾಗಿ ಮುದ್ರಿಸಿ ಹೊಸ ಪೀಳಿಗೆಗೆ ಮಾರಬಹುದಾಗಿತ್ತು. ದಶಕಗಳ ಹಿಂದಿನ ಆ ಕಥೆಗಳು ಇಂದಿಗೂ ಮಾರುಕಟ್ಟೆಯಲ್ಲಿರುವುದಕ್ಕೆ ವಸ್ತುವಿನ ಜನಪ್ರಿಯತೆಯ ಜೊತೆಗೆ ಈ ಏರ್ಪಾಡೂ ಕಾರಣ.

ಇದರಿಂದ ಮಧ್ಯಮ ಮಾರ್ಗವೊಂದು ಗೋಚರಿಸುತ್ತದೆ. 300 ಪುಟಗಳ ಪುಸ್ತಕಕ್ಕೆ ಹಣವಿಲ್ಲದವನು 64 ಅಥವಾ 96 ಪುಟಗಳಲ್ಲಿ ಮುಗಿಯುವ ಪುಸ್ತಕವನ್ನು ಆರಿಸಿಕೊಳ್ಳಬಹುದು. ಗ್ರಂಥ ಸಣ್ಣದಾಗಬಹುದು, ಅಪೂರ್ಣವಾಗಬಾರದು. ಬಂಡವಾಳಕ್ಕೆ ಮುಂಗಡ ಚಂದಾದಾರರನ್ನು ಸೇರಿಸುವ ಕ್ರಮವೂ ಉಂಟು. ಕನ್ನಡ ಪ್ರಕಾಶಕರು ಬಹುಕಾಲದಿಂದ ಅನುಸರಿಸುತ್ತಿರುವ ಪ್ರಕಟಣಪೂರ್ವ ರಿಯಾಯಿತಿ ಇದೇ ಬಗೆಯದು. ಅಮೆರಿಕದಲ್ಲಿ 2009ರಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಎಂಬ ವ್ಯವಸ್ಥೆಯ ಮೂಲಕ ಸಣ್ಣ ಚಿತ್ರಕಥಾ ಪ್ರಕಾಶಕರು ಇದನ್ನೇ ವಿಸ್ತಾರವಾಗಿ ಮಾಡುತ್ತಿದ್ದಾರೆ. ಆದರೆ ಮುಂಗಡವಾಗಿ ಬಂದ ಹಣ ಗಳಿಕೆಯಲ್ಲ, ಹೊಣೆ. ಪುಸ್ತಕ ಚಂದಾದಾರನ ಕೈಸೇರುವವರೆಗೆ ಅದನ್ನು ಆದಾಯದ ಕಡೆಗೆ ಬರೆಯದೆ ಬಾಕಿಯ ಕಡೆಗೆ ಬರೆದಿಡುವ ಶಿಸ್ತು ಅಗತ್ಯ. ಚಿತ್ರಗಳು ಬಹುಪಾಲು ಮುಗಿದ ಮೇಲೆಯೇ ಮುಂಗಡ ಪಡೆಯುವುದು ಇನ್ನೂ ಉತ್ತಮ.

ಸಣ್ಣ ಉದ್ಯಮಿಗಳು ಗ್ರಹಿಸಬೇಕಾದುದು

ಚಿತ್ರಕಥೆಗಳ ಈ ವೃತ್ತಾಂತ ಇತರ ಉದ್ಯಮಗಳಿಗೂ ಅನ್ವಯವಾಗುವಂಥದು. ಒಂದು ಬಿಡಿಭಾಗವನ್ನು ಇಂದು, ಮತ್ತೊಂದನ್ನು ಮುಂದಿನ ತಿಂಗಳು ಕೊಡುವುದಾಗಿ ಒಪ್ಪಿ ಮುಂಗಡ ಪಡೆಯುವ ತಯಾರಕ, ಮೊದಲ ಬಿಲ್ಲಿನ ಲಾಭವನ್ನು ಕಂಡು ಹಿಗ್ಗಬಾರದು. ಕಡೆಯ ಬಿಲ್ಲಿನವರೆಗೆ ಲೆಕ್ಕ ಹಾಕಿ, ಬೇಡಿಕೆ ತಗ್ಗಿದರೂ ಕೆಲಸ ಮುಗಿಸುವ ಶಕ್ತಿ ತನಗಿದೆಯೇ ಎಂದು ನೋಡಿಕೊಳ್ಳಬೇಕು. ಕಂತಿನ ವ್ಯವಹಾರದಲ್ಲಿ ಲಾಭ ಮೊದಲು ಬರುತ್ತದೆ, ನಷ್ಟ ಹಿಂದಿನಿಂದ ಬರುತ್ತದೆ. ಪೂರ್ಣ ಸರಕಿನ ವ್ಯವಹಾರದಲ್ಲಿ ಖರ್ಚು ಮೊದಲು, ಗಳಿಕೆ ಅನಂತರ. ಎರಡನೆಯದು ಕಷ್ಟದ ದಾರಿಯಾದರೂ ಅದರಲ್ಲಿ ಗರಿಷ್ಠ ನಷ್ಟ ಎಷ್ಟೆಂಬುದು ಮೊದಲ ದಿನವೇ ಗೊತ್ತಿರುತ್ತದೆ. ಗೊತ್ತಿರುವ ನಷ್ಟವನ್ನು ಸಣ್ಣ ಸಂಸ್ಥೆ ಸಹಿಸಬಲ್ಲದು. ತಿಂಗಳು ತಿಂಗಳೂ ಬೆಳೆಯುವ, ನಿಲ್ಲಿಸಲಾಗದ ನಷ್ಟವನ್ನಲ್ಲ.

ದೊಡ್ಡ ಸಂಸ್ಥೆಗೆ ಹತ್ತು ಧಾರಾವಾಹಿಗಳಲ್ಲಿ ಎರಡು ಗೆದ್ದರೆ ಉಳಿದ ಎಂಟರ ನಷ್ಟ ತುಂಬುತ್ತದೆ. ಒಂದೇ ಧಾರಾವಾಹಿಯನ್ನು ನಂಬಿದವನಿಗೆ ಆ ಅನುಕೂಲವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಸಣ್ಣ ಪ್ರಕಾಶಕನು ಮುದ್ರಣಾಲಯಕ್ಕೆ ಹೋಗುವ ಮೊದಲು ಮೂರು ಸಂಗತಿಗಳನ್ನು ಖಚಿತಪಡಿಸಿಕೊಂಡರೆ ಸಾಕು: ಕಥೆಯ ಕಡೆಯ ಪುಟ ಕೈಯಲ್ಲಿದೆಯೇ, ಕಲಾವಿದನ ಹಣ ತೆಗೆದಿರಿಸಲಾಗಿದೆಯೇ, ಒಬ್ಬ ವಿತರಕ ಕುಸಿದರೂ ಸರಕನ್ನು ಮಾರಲು ಬೇರೊಂದು ಬಾಗಿಲು ಇದೆಯೇ. ಮೂರಕ್ಕೂ ಹೌದೆಂಬ ಉತ್ತರ ಬಂದ ದಿನ ಅವನು ಧೈರ್ಯವಾಗಿ ಮುದ್ರಣಕ್ಕೆ ಆದೇಶ ನೀಡಬಹುದು. ಬರದಿದ್ದರೆ ಪುಟಗಳನ್ನು ಕಡಿಮೆ ಮಾಡುವುದು ಅಥವಾ ಇನ್ನಷ್ಟು ಕಾಲ ಕಾಯುವುದು ವಿವೇಕ.